ಒಂದು ಯಂತ್ರ, ಎರಡು ಊಳಿಗ

ನಡುಮನೆಯ ಟೆಲಿವಿಷನ್ನಿನ ಮಗ್ಗುಲಲ್ಲಿ ಪುಟ್ಟದೊಂದು ಕಂಪ್ಯೂಟರನ್ನಿರಿಸಿ ಅದರಿಂದಲೇ ಚಲಚ್ಚಿತ್ರಗಳನ್ನು ನೋಡುವುದು, ಮನೆಮಂದಿಯ ಛಾಯಾಚಿತ್ರಗಳನ್ನೂ ಧ್ವನಿಮುದ್ರಣಗಳನ್ನೂ ಅದರಲ್ಲಿಯೇ ಶೇಖರಿಸಿಡುವುದು ಇಂದು ಹಲವರ ಅಭಿಲಾಷೆ. ಯಂತ್ರವನ್ನು ಕೊಳ್ಳುವಾಗಿನ ಉತ್ಸಾಹದ ಅರ್ಧದಷ್ಟನ್ನಾದರೂ ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮನ್ನು ಆರಿಸುವಾಗ ತೋರಿದರೆ ಮುಂದಿನ ಪರಿತಾಪ ಎಷ್ಟೋ ತಪ್ಪುತ್ತದೆ.

ಇಲ್ಲಿ ಒಂದೇ ಆಳಿಗೆ ಎರಡು ಊಳಿಗಗಳಿವೆಯೆಂಬುದನ್ನು ಮೊದಲು ಗಮನಿಸಬೇಕು. ಮೊದಲನೆಯದು ವಿನೋದ, ಎರಡನೆಯದು ಭಂಡಾರದ ಕಾವಲು. ವಿನೋದಗಾರನಿಗೆ ಚೆಲುವಾದ ಮುಖವೂ ರಿಮೋಟಿನ ಒಂದೇ ಗುಂಡಿಗೆ ಓಗೊಡುವ ಗುಣವೂ ಬೇಕು. ಕಾವಲುಗಾರನಿಗೆ ಹಗಲಿರುಳಿನ ಎಚ್ಚರ ಬೇಕು. ವಿದ್ಯುತ್ತು ಹೋಗಿ ಬಂದಾಗ ಯಾರೂ ಎಬ್ಬಿಸದೆ ತಾನಾಗಿ ಏಳಬೇಕು.

ವಿಂಡೋಸ್ ಎಲ್ಲರಿಗೂ ಪರಿಚಿತವಾದುದು. ಹಣ ತೆತ್ತು ನೋಡುವ ಕೆಲವು ಚಿತ್ರಸೇವೆಗಳು ಲಿನಕ್ಸ್‌ಗೆ ನಿರಾಕರಿಸುವ ಅತ್ಯುನ್ನತ ಸ್ಪಷ್ಟತೆಯನ್ನು ಅದಕ್ಕೆ ಕೊಡುತ್ತವೆ. ಆದರೆ ಅದರ ಚರಿತ್ರೆಯಲ್ಲಿ ಒಂದು ಪಾಠವಿದೆ. ಮೈಕ್ರೋಸಾಫ್ಟ್ ೨೦೦೨ರಲ್ಲಿ ಮನೆಯ ಮನರಂಜನೆಗೆಂದೇ ಮೀಡಿಯಾ ಸೆಂಟರನ್ನು ಹೊರತಂದಿತು. ೨೦೧೫ರಲ್ಲಿ ಬಂದ ವಿಂಡೋಸ್ ೧೦ರಲ್ಲಿ ಅದನ್ನು ಕೈಬಿಟ್ಟಿತು. ೨೦೦೭ರಲ್ಲಿ ಹುಟ್ಟಿದ ಹೋಮ್ ಸರ್ವರ್ ೨೦೧೧ರ ಆವೃತ್ತಿಯೊಂದಿಗೇ ಕೊನೆಗೊಂಡಿತು. ಮೀಡಿಯಾ ಸೆಂಟರ್ ಮುದ್ರಿಸಿಕೊಂಡ ಕಾರ್ಯಕ್ರಮಗಳಲ್ಲಿ ಪ್ರತಿಬಂಧವಿದ್ದವು ಮುದ್ರಿಸಿದ ಯಂತ್ರದಲ್ಲಲ್ಲದೆ ಬೇರೆಲ್ಲಿಯೂ ನಡೆಯುತ್ತಿರಲಿಲ್ಲ. ಬೀಗ ಮನೆಯದು, ಬೀಗದ ಕೈ ಮಾತ್ರ ಪರರದು ಎಂಬಂತಾಯಿತು.

ಎರಡನೆಯ ದಾರಿ ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಬಿತ್ತಿದ ಬೀಜ ಇಂದು ಹೆಮ್ಮರವಾಗಿದೆ. ಅದರ ಕೊಂಬೆಗಳಲ್ಲಿ ಡೆಬಿಯನ್ ಮತ್ತು ಉಬುಂಟು ಮನೆಯ ಸರ್ವರಿಗೆ ತಕ್ಕವು, ಬೆಲೆಯಿಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷಗಳ ರಕ್ಷಣೆ ದೊರೆಯುತ್ತದೆ. ಚಿತ್ರ ತೋರಿಸಲು ಕೋಡಿ ಎಂಬ ತಂತ್ರಾಂಶವಿದೆ. ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗಾಗಿ ಹುಟ್ಟಿದ ಇದು ಈಗಿನ ಹೆಸರನ್ನು ಪಡೆದುದು ೨೦೧೪ರಲ್ಲಿ. ೨೦೧೮ರಲ್ಲಿ ಹುಟ್ಟಿದ ಜೆಲ್ಲಿಫಿನ್, ಭಂಡಾರದ ಚಿತ್ರಗಳನ್ನು ಮನೆಯ ಯಾವ ಪರದೆಗಾದರೂ ಬಡಿಸುತ್ತದೆ.

ಕಾವಲೇ ಮುಖ್ಯವೆನ್ನುವವರಿಗೆ ಟ್ರೂನಾಸ್ ಇದೆ. ಅದು ನೆಚ್ಚುವ ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಪ್ರತಿಯೊಂದು ತುಣುಕಿಗೂ ತಾಳೆಸಂಖ್ಯೆಯನ್ನು ಬರೆದಿಟ್ಟು, ಓದುವಾಗ ಸರಿನೋಡುತ್ತದೆ. ಜೋಡಿ ಡಿಸ್ಕುಗಳಿದ್ದರೆ ಕೆಟ್ಟ ತುಣುಕನ್ನು ಒಳ್ಳೆಯ ಪ್ರತಿಯಿಂದ ಸರಿಪಡಿಸುತ್ತದೆ. ಆದರೆ ನೇರವಾಗಿ ಟೆಲಿವಿಷನ್ನಿಗೆ ಚಿತ್ರ ತೋರಿಸುವುದು ಟ್ರೂನಾಸಿನ ಕಸುಬಲ್ಲ.

ಹಾಗಾದರೆ ಯಾವುದು ಉತ್ತಮ? ಅನುಕೂಲವಿದ್ದರೆ ಎರಡು ಊಳಿಗಗಳನ್ನು ಬೇರ್ಪಡಿಸುವುದೇ ಲೇಸು. ಟೆಲಿವಿಷನ್ನಿನ ಬಳಿ ಕೋಡಿಯೊಂದನ್ನೇ ನಡೆಸುವ ಲಿಬ್ರೆಲೆಕ್‌ನ ಪುಟ್ಟ ಪೆಟ್ಟಿಗೆ, ಮೂಲೆಯ ಕೋಣೆಯಲ್ಲಿ ಡೆಬಿಯನ್ ಸರ್ವರ್. ಒಂದೇ ಯಂತ್ರವಾದರೆ ಡೆಬಿಯನ್ ಇಲ್ಲವೆ ಉಬುಂಟುವಿನ ಮೇಲೆ ಕೋಡಿ, ಜೆಲ್ಲಿಫಿನ್ ಎರಡನ್ನೂ ಹೂಡಬಹುದು. ಚಿತ್ರಸೇವೆಗಳಿಗಾಗಿಯೇ ವಿಂಡೋಸನ್ನು ತರಬೇಕಾದುದಿಲ್ಲ. ಇಂದಿನ ಟೆಲಿವಿಷನ್ನುಗಳು ಆ ಕೆಲಸವನ್ನು ತಾವೇ ಮಾಡುತ್ತವೆ. ವಿದ್ಯುತ್ತಿನ ಲೆಕ್ಕವನ್ನೂ ಹಾಕಬೇಕು. ೬೦ ವಾಟ್ ಯಂತ್ರ ಎಡೆಬಿಡದೆ ನಡೆದರೆ ವರ್ಷಕ್ಕೆ ಸುಮಾರು ೫೨೫ ಯೂನಿಟ್ ನುಂಗುತ್ತದೆ. ೧೫ ವಾಟ್‌ನದು ೧೩೧ರಲ್ಲಿ ತೃಪ್ತಿಪಡುತ್ತದೆ. ಯಂತ್ರವನ್ನು ಹೂಡಿದವನು ಊರಲ್ಲಿಲ್ಲದಾಗ ಮನೆಯ ಹಿರಿಯರು ತಾವೇ ಹಾಡು ಹಾಕಿಕೊಳ್ಳಬಲ್ಲರೇ ಎಂಬುದು ಕೊನೆಯ ಪರೀಕ್ಷೆ.

ಇಷ್ಟಾದರೂ ಒಂದು ಹೊಣೆಯನ್ನು ಯಾವ ವ್ಯವಸ್ಥೆಯೂ ಹೊರಲಾರದು. ಜೋಡಿ ಡಿಸ್ಕು ಒಂದು ಡಿಸ್ಕಿನ ಸಾವನ್ನು ತಡೆದೀತು. ತಪ್ಪಿ ಅಳಿಸಿದ ಕೈಯನ್ನಾಗಲಿ, ಸಿಡಿಲನ್ನಾಗಲಿ, ಕಳ್ಳನನ್ನಾಗಲಿ ತಡೆಯಲಾರದು. ಆದುದರಿಂದ ಇನ್ನೊಂದು ಪ್ರತಿ ಬೇರೊಂದು ಮನೆಯಲ್ಲಿರಬೇಕು. ಅದರಿಂದ ಕಡತ ಹಿಂದಕ್ಕೆ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಿಯೂ ನೋಡಬೇಕು. ಚಲಚ್ಚಿತ್ರ ಕಳೆದರೆ ಮತ್ತೆ ದೊರೆತೀತು. ಗತಿಸಿದ ಅಜ್ಜಿಯ ದನಿ ಕಳೆದರೆ ಯಾವ ಅಂಗಡಿಯಲ್ಲಿಯೂ ದೊರೆಯದು.