ಬಚ್ಚಲ ಹಂಡೆಗೆ ಗೀಸರ್ ಟೈಮರ್

ನಾವು ಮೂವರು ಇದೇ ಕಾಲೇಜಲ್ಲಿ ಓದಿ, ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಒಂದೇ ಬಾಡಿಗೆ ಮನೆಯಲ್ಲಿದ್ದೀವಿ. ಹೋದ ಚಳಿಗಾಲದಲ್ಲಿ ನಾವು ಮಾಡಿದ ಒಂದು ಘನಕಾರ್ಯವೇ ಈ ಲೇಖನಕ್ಕೆ ಕಾರಣ. ಮನೆಯ ಹೀಟಿಂಗ್‌ಗೆ ಸ್ಮಾರ್ಟ್ ಕಂಟ್ರೋಲ್ ಹಾಕೋದು ತಪ್ಪಲ್ಲ. ಆದರೆ ಆ ಹೀಟಿಂಗ್‌ನ ಸ್ವಭಾವವನ್ನೂ ಒಳಗಿರುವ ಮನುಷ್ಯರನ್ನೂ ಮರೆತು ಬರೀ ಆ್ಯಪ್ ನೋಡಿ ಸೆಟ್ ಮಾಡಿದರೆ ಅದು ದಡ್ಡತನ ಅನ್ನೋದು ನಮ್ಮ ಅಭಿಪ್ರಾಯ.

ಇಲ್ಲಿ ಬಾಯ್ಲರ್ ನೀರು ಕಾಯಿಸಿ ಪೈಪುಗಳಲ್ಲಿ ಹರಿಸುತ್ತೆ. ನಮ್ಮ ಮನೆಯ ಮಹಡಿ ಕೋಣೆಗಳಲ್ಲಿ ರೇಡಿಯೇಟರ್‌ಗಳಿವೆ, ಕೆಳಗಿನ ಹಾಲ್‌ನಲ್ಲಿ ನೆಲದಡಿ ಪೈಪುಗಳಿವೆ. ರೇಡಿಯೇಟರ್ ದೋಸೆ ಕಾವಲಿ ಇದ್ದ ಹಾಗೆ, ಬೇಗ ಕಾಯುತ್ತೆ, ಬೇಗ ಆರುತ್ತೆ. ನೆಲ ಮಾತ್ರ ಬಚ್ಚಲ ಹಂಡೆ. ಪೈಪಿನ ಮೇಲೆ ಐದಾರು ಸೆಂಟಿಮೀಟರ್ ಗಾರೆ, ಒಳಗೆ ಹರಿಯುವ ನೀರು 35 ಡಿಗ್ರಿ ಆಸುಪಾಸು. ಕಾಯೋಕೂ ಗಂಟೆಗಟ್ಟಲೆ, ಆರೋಕೂ ಗಂಟೆಗಟ್ಟಲೆ. ಕಂಟ್ರೋಲ್ ಸಿಸ್ಟಮ್ಸ್ ಪೇಪರಲ್ಲಿ ಟೈಮ್ ಕಾನ್‌ಸ್ಟಂಟ್ ಬರೆದು ಮಾರ್ಕ್ಸ್ ತಗೊಂಡ ನಮಗೆ ಇಷ್ಟು ಹೊಳೀಲಿಲ್ಲ ನೋಡಿ!

ಮಾಲೀಕರನ್ನು ಕೇಳಿ, ರೇಡಿಯೇಟರ್‌ನ ಹಳೇ ತಿರುಗಣೆ ಬಿಚ್ಚಿ, ಬ್ಯಾಟರಿ ಸೆಲ್ ಹಾಕುವ ಮೋಟಾರ್ ತಿರುಗಣೆ ಕೂರಿಸಿದೆವು. ಹಾಲ್‌ನ ಗೋಡೆಗೂ ಸ್ಮಾರ್ಟ್ ಥರ್ಮೋಸ್ಟಾಟ್ ಬಂತು. ಇಡೀ ಮನೆಗೆ ಒಂದೇ ವೇಳಾಪಟ್ಟಿ: ನಾವು ಆಫೀಸಲ್ಲಿರುವಾಗ 17 ಡಿಗ್ರಿ, ಸಂಜೆ ಐದರಿಂದ 21. ಯಾರೂ ಮುಟ್ಟದಿರಲಿ ಅಂತ ಬಟನ್‌ಗಳಿಗೆ ಲಾಕ್ ಬೇರೆ.

ಮಹಡಿ ಅರ್ಧ ಗಂಟೆಯಲ್ಲಿ ಬೆಚ್ಚಗಾಗೋದು. ಕೆಳಗಿನ ನೆಲ ಮಾತ್ರ, ಬೆಳಿಗ್ಗೆ ನಾವು ಹೊರಟ ಮೇಲೂ ಖಾಲಿ ಹಾಲ್‌ಗೆ ಶಾಖ ಕೊಡ್ತಾ ಇದ್ದು, ಮಧ್ಯಾಹ್ನದ ಮೇಲೆ ತಣ್ಣಗಾಗಿ, ಮತ್ತೆ ಕಾಯೋ ಹೊತ್ತಿಗೆ ರಾತ್ರಿ ಒಂಬತ್ತು. ಅಷ್ಟೊತ್ತಿಗೆ ನಾವು ಮಲಗೋಕೆ ಮಹಡಿ ಹತ್ತಿರ್ತಿದ್ವಿ.

ಜನವರಿಯಲ್ಲಿ ನಮ್ಮಲ್ಲೊಬ್ಬನ ಅಮ್ಮ ಹಾಸನದಿಂದ ಬಂದರು. ವೇಳಾಪಟ್ಟಿ ಬದಲಿಸೋದು ನಮ್ಮ ನೆನಪಿಗೇ ಬರಲಿಲ್ಲ. ನಾಲ್ಕನೇ ದಿನ ಬೇಗ ಮನೆಗೆ ಬಂದು ನೋಡಿದರೆ, ಅವರು ಹಾಲ್‌ನಲ್ಲಿ ಎರಡು ಸ್ವೆಟರ್, ಮಂಕಿ ಕ್ಯಾಪ್ ಹಾಕಿ ಶಾಲು ಹೊದ್ದು ಕೂತಿದ್ದಾರೆ. ಗೋಡೆಯ ಬಟನ್ ಒತ್ತಿ ನೋಡಿದ್ದರಂತೆ, ಕೆಲಸ ಮಾಡಲಿಲ್ಲವಂತೆ. "ಫೋನ್ ಯಾಕೆ ಮಾಡಲಿಲ್ಲಮ್ಮಾ?" ಅಂದರೆ, "ದುಡ್ಡು ಉಳಿಸೋಕೆ ಹೀಗಿಟ್ಟಿದ್ದೀರೇನೋ ಅಂದ್ಕೊಂಡೆ ಕಣಪ್ಪಾ" ಅಂದರು. ನಮಗೆ ತಲೆ ಎತ್ತೋಕಾಗಲಿಲ್ಲ.

ಅವತ್ತೇ ಲಾಕ್ ತೆಗೆದೆವು. ಹಾಲ್‌ಗೆ ಹಗಲೂ ರಾತ್ರಿ 21 ಡಿಗ್ರಿ. ಖಾಲಿ ಇರುವ ದಿನಗಳಲ್ಲೂ ಒಂದು ಡಿಗ್ರಿಗಿಂತ ಹೆಚ್ಚು ಇಳಿಸಲ್ಲ. ಟೈಮರ್ ಆಟ ಮಹಡಿಗೆ ಮಾತ್ರ, ಅದರಿಂದ ಲಾಭ ಇರೋದೂ ಅಲ್ಲೇ. ಬಟನ್ ಪಕ್ಕ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದೆವು: ಚಳಿ ಆದರೆ ಮೇಲಿನದು, ಸೆಖೆ ಆದರೆ ಕೆಳಗಿನದು.

"ಆಫ್ ಮಾಡಿದಷ್ಟೂ ಉಳಿತಾಯ ತಾನೇ?" ಅಂತ ನೀವು ಕೇಳಬಹುದು. ತಣ್ಣಗಿರುವ ಮನೆ ಕಡಿಮೆ ಶಾಖ ಕಳಕೊಳ್ಳುತ್ತೆ, ನಿಜ. ಆದರೆ ನೆಲ ಆರೋದೇ ನಿಧಾನ, ಹಾಗಾಗಿ ಕೆಲವೇ ಗಂಟೆ ನಿಲ್ಲಿಸಿ ಉಳಿಯೋದು ಅಲ್ಪ. ಬೇಗ ಕಾಯಲಿ ಅಂತ ನೀರಿನ ಬಿಸಿ ಏರಿಸಿದರೆ ಕಂಡೆನ್ಸಿಂಗ್ ಬಾಯ್ಲರ್‌ನ ದಕ್ಷತೆ ಇಳಿಯುತ್ತೆ. ಅದು ಹೊಗೆಯಲ್ಲಿನ ಆವಿಯ ಶಾಖವನ್ನೂ ಹಿಡಿಯಬೇಕಾದರೆ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು, ಇನ್ನೂ ತಣ್ಣಗಿದ್ದಷ್ಟೂ ಒಳ್ಳೇದು.

ನಾಳೆ ನೀವೂ ಇಂಥ ದೇಶಗಳಿಗೆ ಬರ್ತೀರಿ, ಇಲ್ಲಾ ಅಲ್ಲೇ ಕೂತು ಇಂಥದ್ದೇ ಆ್ಯಪ್‌ಗಳಿಗೆ ಕೋಡ್ ಬರೀತೀರಿ. ಒಂದು ವಾರ ಥರ್ಮಾಮೀಟರ್ ಇಟ್ಟು ಕೋಣೆ ಎಷ್ಟು ಹೊತ್ತಲ್ಲಿ ಕಾಯುತ್ತೆ, ಎಷ್ಟು ಹೊತ್ತಲ್ಲಿ ಆರುತ್ತೆ ಅಂತ ಬರೆದಿಡಿ. ವೇಳಾಪಟ್ಟಿ ಆಮೇಲೆ. ಕೋಣೆಯಲ್ಲಿ ಕೂತವರ ಕೈಗೆ ಒಂದು ಬಟನ್ ಅಂತೂ ಬಿಟ್ಟಿರಿ. ಫೋನ್ ಇಲ್ಲದವರಿಗೂ ಚಳಿ ಆಗುತ್ತೆ.