ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಳೆದ ವರ್ಷ ಮಳೆಗಾಲದ ಒಂದು ಸಂಜೆ. ಮನೆಗೆ ನೆಂಟರು ಬಂದಿದ್ದರು. ನಡುಮನೆಯ ಮೂಲೆಯಲ್ಲಿರುವ ಕಂಪ್ಯೂಟರಿನಲ್ಲಿ ಮದುವೆಯ ಫೋಟೋಗಳನ್ನು ನೋಡುತ್ತ ಎಲ್ಲರೂ ಕುಳಿತಿದ್ದೆವು. ಇದ್ದಕ್ಕಿದ್ದಂತೆ ಪರದೆಯ ಬಲತುದಿಯಲ್ಲಿ ಅರೆಬೆತ್ತಲೆ ಹೆಣ್ಣಿನ ಚಿತ್ರವಿದ್ದ ಪುಟ್ಟ ಚೌಕವೊಂದು ತೆರೆದುಕೊಂಡಿತು. ಮುಚ್ಚಿದರೆ ಇನ್ನೊಂದು. ಅದರ ಬೆನ್ನಿಗೇ 'ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ' ಎಂಬ ಕೆಂಪಕ್ಷರದ ಎಚ್ಚರಿಕೆ. ಯಾರೂ ಮಾತಾಡಲಿಲ್ಲ. ಎಲ್ಲರ ಕಣ್ಣೂ ಕಂಪ್ಯೂಟರನ್ನು ಬಿಟ್ಟು ನನ್ನ ಮಗಳ ಮೇಲೆ ನೆಟ್ಟಿತು. ಆಗ ಅವಳಿಗೆ 17. ದ್ವಿತೀಯ ಪಿಯುಸಿ.

ನೆಂಟರು ಹೋದ ಮೇಲೆ ಮನೆಯಲ್ಲಿ ಪಂಚಾಯ್ತಿ ನಡೆಯಿತು. "ನೋಡಬಾರದ್ದನ್ನು ನೋಡಿದರೆ ತಾನೇ ಇಂಥದ್ದೆಲ್ಲ ಬರೋದು?" ಎಂದರು ಭಾವನವರು. ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಯಿತು. ಮಗಳ ಸಿಇಟಿ ಆನ್‌ಲೈನ್ ತರಗತಿ ನಿಂತಿತು. ಕಥೆ ಬರೆಯುವ ಕೆಲಸವಿದ್ದ ನನಗೆ ಮಾತ್ರ ಅದನ್ನು ಬಳಸುವ ಅಪ್ಪಣೆ ಸಿಕ್ಕಿತು. ಹೆಣ್ಣುಮಕ್ಕಳ ಮೇಲಿನ ಅನುಮಾನದ ಬಗ್ಗೆ ಅರ್ಧ ಡಜನ್ ಕಥೆ ಬರೆದ ನಾನು ಅಂದು ಒಂದು ಮಾತನ್ನೂ ಆಡಲಿಲ್ಲ.

ಪೇಟೆಯ ರಿಪೇರಿ ಅಂಗಡಿಯ ಹುಡುಗ ಬಂದು ಯಾವುದೋ ಪ್ರೋಗ್ರಾಂ ಅಳಿಸಿ, ಐದುನೂರು ರೂಪಾಯಿ ಪಡೆದು, "ಎಲ್ಲ ಕ್ಲೀನ್ ಆಯ್ತು ಮೇಡಂ" ಎಂದು ಹೋದ. ಮೂರನೇ ದಿನ ಅದೇ ಚಿತ್ರ, ಅದೇ ಎಚ್ಚರಿಕೆ ಮರಳಿ ಬಂದವು. ಆ ಮೂರು ದಿನ ಮಗಳು ಕೀಲಿಮಣೆಯ ಹತ್ತಿರವೂ ಸುಳಿದಿರಲಿಲ್ಲ. ಮುಟ್ಟಿದವಳು ನಾನೊಬ್ಬಳೇ.

ಅಂದು ರಾತ್ರಿ ಮಗಳೇ ಬಂದು ಪಕ್ಕದಲ್ಲಿ ಕುಳಿತಳು. "ಅಮ್ಮೀ, ಒಂದು ಸಲ ನೋಡಿ" ಎಂದು ಕಂಪ್ಯೂಟರಿನಲ್ಲಿ ಸ್ಥಾಪಿಸಲಾದ ಪ್ರೋಗ್ರಾಂಗಳ ಪಟ್ಟಿಯನ್ನು ತೆರೆದು, ದಿನಾಂಕದ ಪ್ರಕಾರ ಜೋಡಿಸಿದಳು. ಹೆಸರೇ ಕೇಳಿರದ ಎರಡು ಪ್ರೋಗ್ರಾಂಗಳು ಒಂದೇ ದಿನ ಒಳಹೊಕ್ಕಿದ್ದವು. ಆ ದಿನ ಅವಳಿಗೆ ಕಾಲೇಜಿನಲ್ಲಿ ಕಿರುಪರೀಕ್ಷೆ ಇತ್ತು. ಮನೆಯಲ್ಲಿದ್ದವಳು ನಾನು. ಇನ್‌ಪೇಜ್‌ನಲ್ಲಿದ್ದ ನನ್ನ ಹಳೆಯ ಉರ್ದು ಲೇಖನವನ್ನು ಯುನಿಕೋಡಿಗೆ ತಿರುಗಿಸಲು ಯಾವುದಾದರೂ ಉಚಿತ ಸಾಧನ ಸಿಗುತ್ತದೇನೋ ಎಂದು ಹುಡುಕಿ, ದೊಡ್ಡ ಹಸಿರು 'ಡೌನ್‌ಲೋಡ್' ಗುಂಡಿಯನ್ನು ಒತ್ತಿ, 'ನೆಕ್ಸ್ಟ್', 'ನೆಕ್ಸ್ಟ್', 'ಐ ಅಗ್ರೀ' ಎಂದು ಓದದೆ ಮುಂದುವರಿದವಳು ನಾನೇ. ಅದರ ನಡುವೆ 'ನೀವು ರೋಬೋ ಅಲ್ಲವಾದರೆ ಅಲೋ ಒತ್ತಿ' ಎಂದು ಕೇಳಿದ ಪುಟಕ್ಕೂ ವಿಧೇಯಳಾಗಿದ್ದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನಮ್ಮಲ್ಲಿದೆ. ಜ್ವರ ಬಂದದ್ದು ಕಂಪ್ಯೂಟರಿಗೆ. ತಂದವಳು ನಾನು. ಬರೆ ಬಿದ್ದದ್ದು ಮಗಳಿಗೆ. ಆದರೆ ತಪ್ಪನ್ನು ಮಗಳಿಂದ ತಾಯಿಗೆ ವರ್ಗಾಯಿಸಿದರೆ ಲೆಕ್ಕ ಚುಕ್ತಾ ಆಯಿತೇ? ಇಲ್ಲ. ಹಾಗಾದರೆ ನಿಜವಾದ ಅಪರಾಧಿ ಯಾರು? ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಯಾರೂ ಕೇಳುತ್ತಿಲ್ಲ.

ಕಂಪ್ಯೂಟರಿನ ಮುಂದೆ ಕೂತವರ ನಡತೆಯಿಂದಲೇ ಇಂತಹ ರೋಗ ಬರುತ್ತದೆ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಇದು ಶುದ್ಧ ಸುಳ್ಳು. ಇದು ರೋಗವಲ್ಲ, ವ್ಯಾಪಾರ. ಅದರ ಚರಿತ್ರೆಯನ್ನು ಸ್ವಲ್ಪ ನೋಡೋಣ.

2000ದ ಆಸುಪಾಸಿನಲ್ಲಿ ಬಾಂಜಿ ಬಡಿ ಎಂಬ ನೇರಳೆ ಬಣ್ಣದ ಗೊರಿಲ್ಲಾವೊಂದು ಕಂಪ್ಯೂಟರಿನ ಪರದೆಯ ಮೇಲೆ ಕುಣಿಯುತ್ತಿತ್ತು. ಜೋಕು ಹೇಳಿ, ಹಾಡಿ ಮಕ್ಕಳನ್ನು ನಗಿಸುತ್ತಿತ್ತು. ಹೆತ್ತವರ ಅನುಮತಿಯಿಲ್ಲದೆ ಮಕ್ಕಳ ಮಾಹಿತಿ ಸಂಗ್ರಹಿಸಿದ್ದಕ್ಕಾಗಿ ಅದರ ಕಂಪೆನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2004ರಲ್ಲಿ 75 ಸಾವಿರ ಡಾಲರ್ ದಂಡ ವಿಧಿಸಿತು. 2005ರಲ್ಲಿ ಸೋನಿ ಬಿಎಂಜಿ ಸಂಗೀತ ಕಂಪೆನಿಯ ಸಿಡಿಗಳು ಕೇಳುಗರ ಕಂಪ್ಯೂಟರಿನಲ್ಲಿ ತಮ್ಮನ್ನು ತಾವೇ ಬಚ್ಚಿಟ್ಟುಕೊಳ್ಳುವ ತಂತ್ರಾಂಶವನ್ನು ಇಳಿಸುತ್ತಿದ್ದುದನ್ನು ಮಾರ್ಕ್ ರುಸಿನೋವಿಚ್ ಎಂಬ ತಜ್ಞ ಬಯಲು ಮಾಡಿದ. ಕಂಪೆನಿ ಸಿಡಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. 2015ರಲ್ಲಿ ಲೆನೊವೊ ಕಂಪೆನಿಯ ಕೆಲವು ಹೊಚ್ಚಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಷ್ ಎಂಬ ಜಾಹೀರಾತು ತುರುಕುವ ತಂತ್ರಾಂಶ ಕಾರ್ಖಾನೆಯಿಂದಲೇ ಬಂದಿರುವುದು ಗೊತ್ತಾಯಿತು. ಡಬ್ಬಿ ಬಿಚ್ಚುವ ಮೊದಲೇ ಒಳಗೆ ಕೂತಿದ್ದ ಈ ಗೂಢಚಾರನಿಗೆ ಯಾರ ನಡತೆ ಕಾರಣ?

ಇನ್ನೂ ಇದೆ. ವೈರಸ್ಸಿನಿಂದ ಕಾಪಾಡುತ್ತೇವೆ ಎಂದು ಮನೆಮನೆ ಸೇರಿದ್ದ ಅವಾಸ್ಟ್ ಕಂಪೆನಿ ತನ್ನ ಬಳಕೆದಾರರು ಯಾವ ಯಾವ ಪುಟ ನೋಡಿದರು ಎಂಬ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಅದು ಬಯಲಾಯಿತು. 2024ರಲ್ಲಿ ಅಮೆರಿಕದ ಅದೇ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ಕಕ್ಕಿಸಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ.

ಇವು ಕಂಪ್ಯೂಟರಿನೊಳಗೆ ಇಳಿದು ಕೂರುವ ತಂತ್ರಾಂಶಗಳ ಕಥೆ. ಕುಕಿ ಎಂಬುದು ಬೇರೆಯೇ ಜಾತಿ. ಅದು ಪ್ರೋಗ್ರಾಂ ಅಲ್ಲ, ಬರೀ ಒಂದು ಚೀಟಿ. ಟೈಲರ್ ನಿಮ್ಮ ಬಟ್ಟೆಗೆ ನಂಬರಿನ ಚೀಟಿ ಸಿಕ್ಕಿಸುವುದಿಲ್ಲವೇ, ಹಾಗೆ. ಮತ್ತೆ ಹೋದಾಗ ಬಟ್ಟೆ ಯಾರದೆಂದು ಅವನಿಗೆ ತಿಳಿಯುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಎಂಜಿನಿಯರ್ ಲೂ ಮೊಂಟುಲಿ ಇದನ್ನು ರೂಪಿಸಿದಾಗ ಉದ್ದೇಶ ಅಷ್ಟೇ ಇತ್ತು. ಆದರೆ ಟೈಲರ್ ಅಂಗಡಿ, ಔಷಧಿ ಅಂಗಡಿ, ಪುಸ್ತಕದಂಗಡಿ ಎಲ್ಲದರಲ್ಲೂ ಒಬ್ಬನೇ ಅಪರಿಚಿತ ಮೂಲೆಯಲ್ಲಿ ಕೂತು, ತನ್ನದೇ ಚೀಟಿಯನ್ನು ನಿಮ್ಮ ಜೇಬಿಗೆ ಸೇರಿಸತೊಡಗಿದರೆ? ಬೆಳಿಗ್ಗೆ ಯಾವ ಮಾತ್ರೆ ಕೊಂಡಿರಿ, ಸಂಜೆ ಯಾವ ಪುಸ್ತಕ ತಿರುವಿದಿರಿ ಎಂಬುದೆಲ್ಲ ಅವನ ಕಡತ ಸೇರುತ್ತದೆ. ಮೂರನೆಯವರ ಕುಕಿ ಎನ್ನುವುದು ಇದನ್ನೇ. ಆಪಲ್‌ನ ಸಫಾರಿ 2020ರಿಂದ ಇಂತಹ ಕುಕಿಗಳನ್ನು ತಾನಾಗಿಯೇ ತಡೆಯುತ್ತಿದೆ. ಜಾಡು ಹಿಡಿಯುವ ಕುಕಿಗಳನ್ನು ಫೈರ್‌ಫಾಕ್ಸ್ 2019ರಿಂದಲೇ ತಡೆಯುತ್ತಿದೆ. ಜಾಹೀರಾತಿನಿಂದಲೇ ಬದುಕುವ ಗೂಗಲ್ ಮಾತ್ರ ತನ್ನ ಕ್ರೋಮ್‌ನಿಂದ ಇವುಗಳನ್ನು ಎರಡು ವರ್ಷದಲ್ಲಿ ತೆಗೆಯುತ್ತೇನೆ ಎಂದು 2020ರಲ್ಲಿ ಹೇಳಿ, ಮತ್ತೆ ಮತ್ತೆ ಮುಂದೂಡಿ, 2024ರ ಜುಲೈಯಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ತಂತ್ರಜ್ಞಾನ ಇರಲಿಲ್ಲವೆಂದಲ್ಲ, ಮನಸ್ಸಿರಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಇದು ಕಳ್ಳತನವಾದರೆ ಕಾನೂನು ಏನು ಮಾಡುತ್ತಿದೆ? ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು, ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರಿಗೆ ಹಾನಿಕಾರಕ ಪ್ರೋಗ್ರಾಂ ಸೇರಿಸುವುದನ್ನು ತಪ್ಪು ಎನ್ನುತ್ತದೆ. ಅಪ್ರಾಮಾಣಿಕವಾಗಿ ಹಾಗೆ ಮಾಡಿದವರಿಗೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಸಜೆಯೂ ಇದೆ. 'ಅನುಮತಿಯಿಲ್ಲದೆ' ಎಂಬ ಆ ಒಂದೇ ಪದವನ್ನು ಗಮನಿಸಿ. ಈ ವ್ಯಾಪಾರದ ಜಾಣತನವೆಲ್ಲ ಆ ಪದವನ್ನು ದಾಟುವುದರಲ್ಲಿದೆ. ಇವರು ಬೀಗ ಒಡೆಯುವುದಿಲ್ಲ, ನಮ್ಮಿಂದಲೇ ಅನುಮತಿ ಪತ್ರ ಬರೆಸಿಕೊಳ್ಳುತ್ತಾರೆ. ನಲವತ್ತು ಪುಟದ ಇಂಗ್ಲಿಷ್ ಕರಾರು, ಅದರ ಕೆಳಗೆ ಮೊದಲೇ ಗುರುತು ಹಾಕಿಟ್ಟ ಚೌಕ, 'ಒಪ್ಪುತ್ತೇನೆ' ಎಂಬುದಕ್ಕೆ ಹೊಳೆಯುವ ಹಸಿರು ಗುಂಡಿ, 'ಬೇಡ' ಎಂಬುದಕ್ಕೆ ಕಣ್ಣಿಗೆ ಕಾಣದ ಬೂದು ಅಕ್ಷರ. ಓದು ಬಾರದ ಮುದುಕಿಯ ಹೆಬ್ಬೆಟ್ಟನ್ನು ಖಾಲಿ ಕಾಗದಕ್ಕೆ ಒತ್ತಿಸಿಕೊಂಡು ಹೊಲ ಬರೆಸಿಕೊಳ್ಳುತ್ತಿದ್ದ ಸಾಹುಕಾರನ ಕಥೆಗಳನ್ನು ಓದಿ ಬೆಳೆದವರು ನಾವು. ಆ ಹೆಬ್ಬೆಟ್ಟಿಗೂ ನನ್ನ 'ಐ ಅಗ್ರೀ'ಗೂ ಏನು ವ್ಯತ್ಯಾಸ?

ಯೂರೋಪಿನ ನ್ಯಾಯಾಲಯ ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯೇ ಅಲ್ಲ ಎಂದು 2019ರಲ್ಲಿ ತೀರ್ಪಿತ್ತಿತು. ಕುಕಿಗಳನ್ನು ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂದು ಫ್ರಾನ್ಸಿನ ಪ್ರಾಧಿಕಾರ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರೆಲ್ಲ ನೆನೆಯಬೇಕಾದ ಸಂಗತಿ. ಆದರೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬರಲು 2023 ಆಯಿತು. ಅದರ ನಿಯಮಗಳು ಬರಲು 2025ರ ನವೆಂಬರ್ ಆಯಿತು. ಅದರಲ್ಲೂ ಕಂಪೆನಿಗಳು ಮುಖ್ಯ ಹೊಣೆಗಳನ್ನು ಪಾಲಿಸಲು 18 ತಿಂಗಳ ಗಡುವು. 18 ವರ್ಷದೊಳಗಿನವರ ಜಾಡು ಹಿಡಿಯುವುದನ್ನು, ಅವರತ್ತ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನು ಈ ಕಾಯ್ದೆ ನಿಷೇಧಿಸುತ್ತದೆ, ವಿನಾಯಿತಿಗಳೂ ಇವೆ. ಸರಕಾರ ತನ್ನ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡುವ ಅಧಿಕಾರವನ್ನೂ ಇಟ್ಟುಕೊಂಡಿದೆ. ಆ ಸಂಜೆ 17ರ ನನ್ನ ಮಗಳ ಪರವಾಗಿ ಈ ಕಾಯ್ದೆ ಬಾಯಿ ತೆರೆಯಲಿಲ್ಲ.

"ಮುಚ್ಚಿಡುವಂಥದ್ದು ನಮ್ಮಲ್ಲಿ ಏನಿದೆ? ನೋಡಿದರೆ ನೋಡಿಕೊಳ್ಳಲಿ" ಎನ್ನುವ ಸಜ್ಜನರು ಬಹಳ ಮಂದಿ ಇದ್ದಾರೆ. ಅವರು ತಮ್ಮ ಮನೆಯ ಬಾಗಿಲಿಗೆ ಪರದೆ ಹಾಕುವುದೇಕೆ? ಬೇರೆಯವರ ಮನೆಗೆ ಹೋದಾಗ ಹೊಸ್ತಿಲಾಚೆ ನಿಂತು ಸಲಾಮ್ ಹೇಳಿ, ಒಳಗೆ ಕರೆದರೆ ಮಾತ್ರ ಹೋಗಬೇಕು ಎಂದು ಮಕ್ಕಳಿಗೆ ಕಲಿಸುವುದೇಕೆ? 2020ರ ನವೆಂಬರ್‌ನಲ್ಲಿ ಅಮೆರಿಕದ ಮದರ್‌ಬೋರ್ಡ್ ಪತ್ರಿಕೆ ಒಂದು ವರದಿ ಪ್ರಕಟಿಸಿತು. ನಮಾಝಿನ ಸಮಯ, ಕಿಬ್ಲಾದ ದಿಕ್ಕು ತೋರಿಸುವ ಮುಸ್ಲಿಂ ಪ್ರೋ ಎಂಬ ಆ್ಯಪ್ ಬಳಸುವವರು ಎಲ್ಲಿದ್ದಾರೆಂಬ ಮಾಹಿತಿ ಎಕ್ಸ್-ಮೋಡ್ ಎಂಬ ದಲ್ಲಾಳಿಗೆ ಹೋಗುತ್ತಿತ್ತು. ಆ ದಲ್ಲಾಳಿಯಿಂದ ಗುತ್ತಿಗೆದಾರರಿಗೆ, ಅವರ ಮೂಲಕ ಅಮೆರಿಕದ ಸೇನೆಗೆ. ಆ್ಯಪ್‌ನವರು ದಲ್ಲಾಳಿಯ ಸಂಬಂಧ ಕಡಿದುಕೊಂಡರು. ಆದರೆ ಐದು ಹೊತ್ತು ದಿಕ್ಕು ಕೇಳಿದವರಿಗೆ ಮುಚ್ಚಿಡುವಂಥದ್ದು ಏನಿತ್ತು? ಏನೂ ಇರಲಿಲ್ಲ. ಆದರೂ ಅವರು ಮಾರಾಟವಾದರು. ಪೆಗಾಸಸ್ ಸುದ್ದಿ 2021ರಲ್ಲಿ ಬಂದಾಗ ಬೆಚ್ಚಿದ ನಾವು, ಅದು ದೊಡ್ಡವರ ಫೋನಿನ ಮಾತು ಎಂದು ಸುಮ್ಮನಾದೆವು. ನಡುಮನೆಯ ಗೂಢಚಾರನನ್ನು ಮಾತ್ರ ಜಾಹೀರಾತು ಎಂದು ಕರೆದು ಸಹಿಸಿಕೊಂಡೆವು.

ಕಾನೂನು ಎಚ್ಚರಗೊಳ್ಳುವವರೆಗೆ ಕಾಯುತ್ತ ಕೂರಬೇಕಿಲ್ಲ. ಮನೆಯ ಕಸವನ್ನು ಮನೆಯವರೇ ಗುಡಿಸಬಹುದು. ಗುಡಿಸಿದ ಕಸ ಮರಳಿ ಬರುವುದೇಕೆ ಎಂದು ತಿಳಿದರೆ ಸಾಕು. ಅಂಗಡಿಯ ಹುಡುಗ ಅಳಿಸಿದ್ದು ಒಂದು ಪ್ರೋಗ್ರಾಂ. ಅದನ್ನು ಮತ್ತೆ ತಂದು ಕೂರಿಸಲು ಒಳಗೇ ಒಬ್ಬ ಕಾವಲುಗಾರನನ್ನು ನಿಲ್ಲಿಸಿರುತ್ತಾರೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಕಂಪ್ಯೂಟರ್ ಶುರುವಾದಾಗ ತಾನಾಗಿ ಏಳುವ ಪ್ರೋಗ್ರಾಂಗಳ ಪಟ್ಟಿಯಲ್ಲಿ ಅವನು ಅಡಗಿರುತ್ತಾನೆ. ಇನ್ನು ಬ್ರೌಸರಿನ ಎಕ್ಸ್‌ಟೆನ್ಷನ್. ನಾವು ಬ್ರೌಸರಿಗೆ ನಮ್ಮ ಖಾತೆಯಿಂದ ಲಾಗಿನ್ ಆಗಿದ್ದರೆ, ಕಂಪ್ಯೂಟರನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದರೂ ಮರುದಿನ ಲಾಗಿನ್ ಆದ ಕೂಡಲೇ ಸಿಂಕ್ ಎಂಬ ವ್ಯವಸ್ಥೆ ಹಳೆಯ ಎಕ್ಸ್‌ಟೆನ್ಷನ್ನುಗಳನ್ನೂ ಹೊತ್ತು ತರುತ್ತದೆ. ಕೊಳೆನೀರು ಟ್ಯಾಂಕಿನಲ್ಲಿರುವಾಗ ಬಕೆಟ್ ತೊಳೆದು ಫಲವೇನು?

ಆದ್ದರಿಂದ ಕ್ರಮ ಮುಖ್ಯ. ನಾವು ಮಾಡಿದ್ದು ಹೀಗೆ. ಮೊದಲು ಬ್ರೌಸರಿನ ಸಿಂಕ್ ನಿಲ್ಲಿಸಿದೆವು. ಗೊತ್ತಿಲ್ಲದ ಪ್ರೋಗ್ರಾಂಗಳನ್ನು ತೆಗೆದೆವು. ಎಕ್ಸ್‌ಟೆನ್ಷನ್ನುಗಳನ್ನು ಒಂದೊಂದಾಗಿ ಅಳಿಸಿದೆವು. ನೋಟಿಫಿಕೇಷನ್ ಕಳಿಸಲು ಅನುಮತಿ ಪಡೆದ ತಾಣಗಳ ಪಟ್ಟಿ ತೆರೆದರೆ, ಆ ಚಿತ್ರಗಳೂ ವೈರಸ್ ಎಚ್ಚರಿಕೆಯೂ ನಾನು 'ಅಲೋ' ಒತ್ತಿದ್ದ ಪುಟದಿಂದಲೇ ಬರುತ್ತಿದ್ದವು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಆ ಅನುಮತಿಯನ್ನು ಕಿತ್ತುಹಾಕಿದ ಕ್ಷಣ ಚಿತ್ರಗಳು ನಿಂತವು. ಶೆಡ್ಯೂಲರ್‌ನಲ್ಲಿದ್ದ ಅಪರಿಚಿತ ಕೆಲಸವನ್ನು ಅಳಿಸಿ, ವಿಂಡೋಸ್‌ನಲ್ಲೇ ಇರುವ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿದೆವು. ಅದು ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ಅಡಗಿದವರಿಗೆ ಅಡಗಲು ಜಾಗವಿರುವುದಿಲ್ಲ. ಬ್ರೌಸರನ್ನು ರೀಸೆಟ್ ಮಾಡಿ, ಕುಕಿಗಳನ್ನೆಲ್ಲ ಅಳಿಸಿ, ಮೂರನೆಯವರ ಕುಕಿಗೆ ಬಾಗಿಲು ಮುಚ್ಚಿದೆವು. ಕೊನೆಗೆ ಬೇರೊಂದು ಸಾಧನದಿಂದ ಬ್ಯಾಂಕು, ಇಮೇಲ್‌ಗಳ ಪಾಸ್‌ವರ್ಡ್ ಬದಲಿಸಿದೆವು. ದಿನಬಳಕೆಗೆ ಅಡ್ಮಿನ್ ಅಧಿಕಾರವಿಲ್ಲದ ಖಾತೆ ಮಾಡಿಕೊಂಡೆವು. ಪೈಸೆ ಖರ್ಚಿಲ್ಲ. ಹಿಡಿದದ್ದು ಎರಡು ಗಂಟೆ. ಒಂದು ಎಚ್ಚರಿಕೆ: 'ನಿಮ್ಮ ಕಂಪ್ಯೂಟರ್ ಶುಚಿ ಮಾಡುತ್ತೇವೆ' ಎಂದು ತಾವಾಗಿಯೇ ಬಾಗಿಲು ತಟ್ಟುವ ಸಾಧನಗಳನ್ನು ನಂಬಬೇಡಿ. ಅವುಗಳಲ್ಲಿ ಎಷ್ಟೋ ಅದೇ ಬಳಗದವು.

ಆದರೆ ಇಷ್ಟೆಲ್ಲ ಮಾಡುವ ಹೊಣೆ ಮನೆಯವರ ತಲೆಗೇ ಏಕೆ ಬರಬೇಕು? ಕೊಳಚೆ ಬಿಟ್ಟ ಕಾರ್ಖಾನೆಯನ್ನು ಬಿಟ್ಟು ಕೆಮ್ಮುವವರಿಗೆ ಬುದ್ಧಿ ಹೇಳುವ ನ್ಯಾಯ ಇದು. ಕೇಳದಿದ್ದರೆ ಜಾಡು ಹಿಡಿಯಬಾರದು ಎಂಬುದು ಮೂಲ ನಿಯಮವಾಗಬೇಕು. ಕೇಳುವಾಗ ಕನ್ನಡದಲ್ಲಿ, ಅರ್ಥವಾಗುವಂತೆ ಕೇಳಬೇಕು. 'ಬೇಡ' ಎಂಬ ಗುಂಡಿಗೆ 'ಒಪ್ಪುತ್ತೇನೆ' ಎಂಬ ಗುಂಡಿಯಷ್ಟೇ ಗಾತ್ರ, ಅಷ್ಟೇ ಬಣ್ಣ ಇರಬೇಕು. ಮೋಸದಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ನಮ್ಮ ದತ್ತಾಂಶ ಮಂಡಳಿ ದಂಡ ಹಾಕಿ ತೋರಿಸಬೇಕು. ಇದನ್ನು ಕೇಳಬೇಕಾದವರು ಎಂಜಿನಿಯರುಗಳಷ್ಟೇ ಅಲ್ಲ, ಮಕ್ಕಳಿರುವ ಪ್ರತಿ ಮನೆಯೂ ಕೇಳಬೇಕು.

ಮಗಳ ತರಗತಿ ಮತ್ತೆ ಶುರುವಾಯಿತು. ಕಳೆದುಹೋದ ಹನ್ನೊಂದು ದಿನಗಳ ಪಾಠವನ್ನು ಗೆಳತಿಯ ನೋಟ್ಸ್ ನೋಡಿ ಬರೆದುಕೊಂಡಳು. ನಾನು ಭಾವನವರ ಮನೆಗೆ ಹೋಗಿ, ಆ ಗುಂಡಿ ಒತ್ತಿದವಳು ನಾನು ಎಂದು ಎಲ್ಲರೆದುರು ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಮನೆಯ ಕಂಪ್ಯೂಟರನ್ನೂ ಒಮ್ಮೆ ನೋಡೋದಕ್ಕೆ ಹೇಳು" ಎಂದರು. ಅವರ ಮಗನ ಕಂಪ್ಯೂಟರಿನಲ್ಲೂ ಅದೇ ಚೌಕಗಳು ಬರುತ್ತಿದ್ದವಂತೆ. ಅಲ್ಲಿ ಯಾರ ಪಾಸ್‌ವರ್ಡೂ ಬದಲಾಗಿರಲಿಲ್ಲ.

ಓದುಗರೇ, ನಾಳೆ ನಿಮ್ಮ ಮನೆಯ ಪರದೆಯ ಮೇಲೂ ಅಂಥದ್ದೊಂದು ಚಿತ್ರ ಬರಬಹುದು. ಮಕ್ಕಳ ಮುಖ ನೋಡುವ ಮೊದಲು ಆ ಪ್ರೋಗ್ರಾಂಗಳ ಪಟ್ಟಿಯ ದಿನಾಂಕ ನೋಡಿ.