ಬಣ್ಣದ ಪಟ್ಟಿಯಿಂದ ಕಾಲಿಗೆ ಬಲ ಬರುವುದೇ?



ಟಿ.ವಿ.ಯಲ್ಲಿ ಕ್ರೀಡಾಕೂಟ ಬರುವಾಗ ನೀವೂ ಗಮನಿಸಿರಬಹುದು. ಓಟಗಾರ್ತಿಯ ತೊಡೆಯ ಮೇಲೆ ನೀಲಿ ಪಟ್ಟಿ, ಫುಟ್ಬಾಲ್ ಆಟಗಾರನ ಮೊಣಕಾಲಿನ ಸುತ್ತ ಕಪ್ಪು ಪಟ್ಟಿ. ಅದು ಗಾಯಕ್ಕೆ ಕಟ್ಟಿದ ಬ್ಯಾಂಡೇಜ್ ಅಲ್ಲ. ಎಳೆದರೆ ಹಿಗ್ಗುವ ಅಂಟುಪಟ್ಟಿ. ಇಂದು ಅದು ದೊಡ್ಡ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ, ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೂ ಬರುತ್ತದೆ. ಶಾಲೆಯ ಓಟದ ಸ್ಪರ್ಧೆಗೆ ಹೆಸರು ಕೊಟ್ಟ ಮಗಳು "ಉಮ್ಮಾ, ನನಗೂ ಆ ಟೇಪ್ ಬೇಕು, ಕಾಲಿಗೆ ಶಕ್ತಿ ಬರುತ್ತದಂತೆ" ಎಂದು ಹಟ ಹಿಡಿದರೆ ಏನು ಹೇಳುತ್ತೀರಿ? ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತದೆ ಎನ್ನುವ ನೆರೆಮನೆಯಾಕೆಯೂ ಅದನ್ನೇ ವಿಚಾರಿಸಿದರೆ? ಹಣ ಕೊಡುವ ಮೊದಲು ವಿಷಯ ತಿಳಿದುಕೊಳ್ಳುವುದು ಒಳ್ಳೆಯದು.

ಎಲ್ಲಿಂದ ಬಂತು?

ಈ ಪಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಝೊ ಕಾಸೆ. ಹತ್ತಿಬಟ್ಟೆ, ಅದರೊಳಗೆ ಹಿಗ್ಗುವ ದಾರ, ಹಿಂಬದಿಯಲ್ಲಿ ಮೈಯ ಬಿಸಿಗೆ ಗಟ್ಟಿಯಾಗಿ ಹಿಡಿಯುವ ಅಂಟು – ಇಷ್ಟೇ ಅದರ ರಚನೆ. ಅದರಲ್ಲಿ ಯಾವುದೇ ಔಷಧಿ ಇಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ತಯಾರಕರು 58 ದೇಶಗಳಿಗೆ ಈ ಪಟ್ಟಿಯ ಸುರುಳಿಗಳನ್ನು ಉಚಿತವಾಗಿ ಕೊಟ್ಟರು. ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಹೆಗಲಿಗೆ ಕಪ್ಪು ಪಟ್ಟಿ ಅಂಟಿಸಿಕೊಂಡು ಆಡಿ ಚಿನ್ನ ಗೆದ್ದರು. ಜಗತ್ತಿನ ಕಣ್ಣು ಪಟ್ಟಿಯ ಮೇಲೆ ಬಿತ್ತು. ಆದರೆ ಆ ಹೆಗಲಿಗೆ ಅದಕ್ಕೂ ಮೊದಲು ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದು, ಆ ಗೆಲುವಿನ ಹಿಂದೆ ಹಲವು ವರ್ಷಗಳ ಅಭ್ಯಾಸವಿತ್ತು ಎಂಬುದು ಎಷ್ಟು ಜನರ ಗಮನಕ್ಕೆ ಬಂತು?

ಪಟ್ಟಿಯನ್ನು ತುಸು ಎಳೆದು ಅಂಟಿಸಿದಾಗ ಅದು ಚರ್ಮವನ್ನು ಮೇಲಕ್ಕೆತ್ತುತ್ತದೆ, ಕೆಳಗೆ ರಕ್ತ ಸಂಚಾರ ಸುಲಭವಾಗುತ್ತದೆ, ಚರ್ಮದ ನರಗಳು ಎಚ್ಚೆತ್ತು ಸ್ನಾಯು ಹೆಚ್ಚು ಬಲದಿಂದ ಕೆಲಸ ಮಾಡುತ್ತದೆ ಎಂಬುದು ಇದನ್ನು ಸಮರ್ಥಿಸುವವರ ವಾದ. ಕೇಳಲು ಸರಿಯೆನಿಸುತ್ತದೆ. ಆದರೆ ಕೇಳಲು ಸರಿಯೆನಿಸುವುದೆಲ್ಲ ಅಳೆದು ನೋಡಿದಾಗ ನಿಲ್ಲುವುದಿಲ್ಲ.

ಕಣ್ಣು ಕಟ್ಟಿ ಅಳೆದರು

ತೊಡೆಯ ಮುಂಭಾಗದ ಸ್ನಾಯುಗಳ ಬಲವನ್ನು ಅಳೆಯಲು ಒಂದು ಯಂತ್ರವಿದೆ. ಕುರ್ಚಿಯಲ್ಲಿ ಕುಳ್ಳಿರಿಸಿ, ಕಣಕಾಲನ್ನು ಒಂದು ಸನ್ನೆಗೆ ಕಟ್ಟುತ್ತಾರೆ. ಕಾಲನ್ನು ಎಷ್ಟು ಬಲದಿಂದ ಚಾಚುತ್ತೀರೆಂದು ಅದು ದಾಖಲಿಸುತ್ತದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಾದ 14 ಯುವ ಕ್ರೀಡಾಪಟುಗಳನ್ನು ಹೀಗೆ ಪರೀಕ್ಷಿಸಿದರು. ಪಟ್ಟಿ ಇಲ್ಲದೆ ಒಮ್ಮೆ, ಅಂಟಿಸಿದ ಕೂಡಲೇ ಒಮ್ಮೆ, ಅಂಟಿಸಿ 12 ಗಂಟೆಗಳ ನಂತರ ಇನ್ನೊಮ್ಮೆ. ಬಲದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಕಾಲಿಗೆ ಪಟ್ಟಿ ಅಂಟಿಸಿದ್ದಾರೆಂದು ತಿಳಿದವನು 'ಈಗ ನನಗೆ ಬಲ ಬಂದಿದೆ' ಎಂಬ ನಂಬಿಕೆಯಿಂದಲೇ ಹೆಚ್ಚು ಜೋರಾಗಿ ಒದೆಯಬಹುದಲ್ಲವೇ? ಆಗ ಬಲ ಕೊಟ್ಟದ್ದು ಪಟ್ಟಿಯೋ, ನಂಬಿಕೆಯೋ? ಇದನ್ನು ಬೇರ್ಪಡಿಸಲು ಹಾಂಗ್‌ಕಾಂಗ್‌ನ ಸಂಶೋಧಕರು ಜಾಣ ಉಪಾಯ ಮಾಡಿದರು. ಇಂತಹ ಪಟ್ಟಿಯ ಪರಿಚಯವೇ ಇಲ್ಲದ 30 ಆರೋಗ್ಯವಂತರನ್ನು ಆರಿಸಿಕೊಂಡರು. 'ಸ್ನಾಯುವಿನ ಚಟುವಟಿಕೆ ಅಳೆಯುವ ಸಾಧನ ಅಂಟಿಸುತ್ತಿದ್ದೇವೆ' ಎಂದು ಹೇಳಿ ತೊಡೆಗೆ ಪಟ್ಟಿ ಹಾಕಿದರು. ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷಿಸಿದರು. ಒಮ್ಮೆ ಕ್ರಮಬದ್ಧವಾಗಿ ಹಾಕಿದ ಪಟ್ಟಿ, ಒಮ್ಮೆ ಸುಮ್ಮನೆ ತೋರಿಕೆಗೆ ಹಾಕಿದ ಪಟ್ಟಿ, ಒಮ್ಮೆ ಬರಿಗಾಲು. 2015ರಲ್ಲಿ ಪ್ರಕಟವಾದ ಫಲಿತಾಂಶವೇನು ಗೊತ್ತೇ? ಮೂರರಲ್ಲೂ ಬಲ ಒಂದೇ ತೆರನಾಗಿತ್ತು. ಅದೇ ವರ್ಷ 19 ಅಧ್ಯಯನಗಳನ್ನು, ಅಂದರೆ 530 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ಇನ್ನೊಂದು ವಿಶ್ಲೇಷಣೆಯೂ ಆರೋಗ್ಯವಂತರ ಸ್ನಾಯುಬಲ ಹೆಚ್ಚಿಸುವಲ್ಲಿ ಈ ಪಟ್ಟಿಯ ಪಾತ್ರ ನಗಣ್ಯವೆಂದೇ ಹೇಳಿತು.

ಹಾಗಾದರೆ ಅದರಿಂದ ಯಾವ ಉಪಯೋಗವೂ ಇಲ್ಲವೇ? ಹಾಗಲ್ಲ. ನೋವಿರುವ ಕೆಲವರಿಗೆ ಅದರಿಂದ ಸ್ವಲ್ಪ ಆರಾಮ ಸಿಗುವುದುಂಟು. ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ಹಾಕಿದರೆ ಹಾಕಿಸಿಕೊಳ್ಳಿ. ಆದರೆ ಗಾಯದ ಮೇಲೆ ಅಂಟಿಸಬೇಡಿ. ತುರಿಕೆ ಅಥವಾ ಗುಳ್ಳೆ ಕಂಡರೆ ಕೂಡಲೇ ತೆಗೆಯಿರಿ. ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಿದರೆ ಚರ್ಮ ಕಿತ್ತು ಬರುವುದಿಲ್ಲ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಪಟ್ಟಿ ಹುಡುಕುತ್ತಾ ಕೂರಬೇಡಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಡಮಾಡದೆ ವೈದ್ಯರ ಬಳಿ ಹೋಗಿ.

ಬಲ ಬರುವ ದಾರಿ

ಸ್ನಾಯುವಿಗೆ ಅದು ರೂಢಿಯಾಗಿ ಹೊರುವುದಕ್ಕಿಂತ ತುಸು ಹೆಚ್ಚು ಭಾರ ಹೊರಿಸಬೇಕು, ಆಮೇಲೆ ವಿಶ್ರಾಂತಿ ಕೊಡಬೇಕು, ಆಹಾರ ಕೊಡಬೇಕು. ಮೊದಲ ಕೆಲವು ವಾರಗಳಲ್ಲಿ ಸ್ನಾಯುವನ್ನು ಚೆನ್ನಾಗಿ ದುಡಿಸಿಕೊಳ್ಳಲು ನರಗಳು ಕಲಿಯುತ್ತವೆ. ಬಳಿಕ ಸ್ನಾಯುವಿನ ಎಳೆಗಳು ದಪ್ಪಗಾಗುತ್ತವೆ. ಚರ್ಮದ ಮೇಲಿನ ಬಟ್ಟೆ ಈ ಕೆಲಸ ಮಾಡಲಾರದು.

"ನಾವು ದಿನವಿಡೀ ಮನೆಯಲ್ಲಿ ದುಡಿಯುತ್ತೇವಲ್ಲ, ಅದು ಸಾಲದೇ?" ಎಂದು ನೀವು ಕೇಳಬಹುದು. ಆ ದುಡಿಮೆ ದೊಡ್ಡದೇ. ಆದರೆ ಇಂದಿನ ಅಡುಗೆಮನೆಯಲ್ಲಿ ನಿಂತು ಮಾಡುವ ಕೆಲಸವೇ ಹೆಚ್ಚು. ನೆಲದ ಮೇಲೆ ಕುಳಿತು ರುಬ್ಬುವ, ಕುಕ್ಕರುಗಾಲಲ್ಲಿ ಕುಳಿತು ಬಟ್ಟೆ ಒಗೆಯುವ ಕಾಲ ಹೆಚ್ಚಿನ ಮನೆಗಳಲ್ಲಿ ಮುಗಿಯಿತು. ನಿಂತಲ್ಲೇ ದಣಿಯುವುದು ಬೇರೆ, ಬಲಗೊಳ್ಳುವುದು ಬೇರೆ. ನೆಲದಿಂದ ಏಳಲು ಕೈಯೂರಬೇಕಾಗುತ್ತಿದೆಯೇ? ಹಾಗಿದ್ದರೆ ತೊಡೆಯ ಬಲ ಕುಗ್ಗುತ್ತಿರಬಹುದು. ವಯಸ್ಸು ಏರಿದಂತೆ ಈ ಬಲ ತಾನಾಗಿಯೇ ಇಳಿಯುತ್ತದೆ. ಬಿದ್ದು ಎಲುಬು ಮುರಿದುಕೊಳ್ಳುವ ಭಯ ಹೆಚ್ಚುತ್ತದೆ.

ಸುಲಭದ ಅಭ್ಯಾಸವೊಂದನ್ನು ಇಂದೇ ಆರಂಭಿಸಬಹುದು. ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಪಾದಗಳನ್ನು ಸ್ವಲ್ಪ ಅಗಲಿಸಿ ಊರಿ, ಕೈ ಆಸರೆಯಿಲ್ಲದೆ ನಿಧಾನವಾಗಿ ಎದ್ದುನಿಲ್ಲಿ. ಅಷ್ಟೇ ನಿಧಾನವಾಗಿ ಕುಳಿತುಕೊಳ್ಳಿ. ಹತ್ತು ಸಲ ಮಾಡಿ, ತುಸು ವಿಶ್ರಮಿಸಿ, ಮತ್ತೆ ಹತ್ತು ಸಲ. ಇದು ಸುಲಭವಾದಾಗ ಎರಡೂ ಕೈಗಳಲ್ಲಿ ನೀರು ತುಂಬಿದ ಬಾಟಲಿ ಹಿಡಿದುಕೊಳ್ಳಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದರಿಂದ ಮೀನಖಂಡ ಬಲಗೊಳ್ಳುತ್ತದೆ. ವಯಸ್ಕರು ವಾರದಲ್ಲಿ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು, 65 ದಾಟಿದವರು 3 ದಿನವಾದರೂ ಸಮತೋಲನ ಮತ್ತು ಬಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ಮೊಣಕಾಲು ನೋವು, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಜೊತೆಗೆ ಬೇಳೆ, ಮೊಟ್ಟೆ, ಮೀನು, ಹಾಲು ನಿಮ್ಮ ತಟ್ಟೆಯಲ್ಲೂ ಇರಲಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ತಾಯಂದಿರಿಗೆ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಹಟ ಹಿಡಿದ ಮಗಳನ್ನು ಗದರಬೇಡಿ. ಕಣ್ಣು ಕಟ್ಟಿ ನಡೆಸಿದ ಆ ಪರೀಕ್ಷೆಯ ಕಥೆ ಹೇಳಿ. ಜಾಹೀರಾತು ಏನೇ ಹೇಳಿದರೂ 'ಇದನ್ನು ಅಳೆದು ನೋಡಿದವರು ಯಾರು?' ಎಂದು ಕೇಳುವುದನ್ನು ಅವಳು ಈಗಲೇ ಕಲಿಯಲಿ. ಆ ಹಣದಲ್ಲಿ ಅವಳ ಕಾಲಿಗೆ ಸರಿಹೊಂದುವ ಬೂಟು ಕೊಳ್ಳಲು ಒಂದಿಷ್ಟು ಸಹಾಯವಾದೀತು. ಸಂಜೆ ಅವಳೊಂದಿಗೆ ನೀವೂ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸಕ್ಕೆ ತೊಡಗಿ.